ಹೂವು ಉದುರಿದ ಮೇಲೆ

ಗಾಜಿನ ಬೂತಿನಲ್ಲಿ ಕೂತು ಇಪ್ಪತ್ತೆರಡು ವರ್ಷ
ನಾನು ಪರರ ‘ನಾನು’ ಆಗಿದ್ದೇನೆ.
ದುಭಾಷಿಯ ಮೊದಲ ಪಾಠವೇ ಅದು:
‘ಅವರು ಹೀಗೆನ್ನುತ್ತಾರೆ’ ಎನ್ನಕೂಡದು.
ಕೊಳ್ಳುವ ದೇಶ ಬಾಯಿ ತೆರೆದರೆ ನಾನು ಕೊಳ್ಳುವ ದೇಶ,
ಮಾರುವ ದೇಶ ತೆರೆದರೆ ನಾನೇ ಮಾರುವ ದೇಶ.
ಬೆಳಗಿನಿಂದ ನನ್ನೊಂದಿಗೆ ನಾನೇ ಜಗಳವಾಡಿ
ಮಧ್ಯಾಹ್ನ ಕ್ಯಾಂಟೀನಿನಲ್ಲಿ
ಒಂದೇ ಚಮಚದಿಂದ ಇಬ್ಬರಿಗೂ ಸೂಪು ಕುಡಿಸುತ್ತೇನೆ.

ಕಿಟಕಿಯಾಚೆ ಜಿನೀವಾದ ಸರೋವರ,
ಯಾರ ಕಡೆಗೂ ವಾಲದೆ, ಬೂದು.

ಈ ಸಲದ ವ್ಯಾಜ್ಯ ಒಂದು ಕೆಂಪು ವಸ್ತುವಿನದು.
ಕಾವೊಲಾಕಿನ ಬಯಲಲ್ಲಿ ಹೆಂಗಸರು ಬಿಡಿಸಿ
ಚಾಪೆಯ ಮೇಲೆ ಒಣಗಿಸಿದ್ದು. ಪುಂಡಿಯ ಬಳಗ.
ಅಲ್ಲಿ ಬಿಸಾಪ್ ಅನ್ನುತ್ತಾರೆ, ಇಲ್ಲಿ ‘ವಿವಾದಿತ ಸರಕು’.
ಹನ್ನೊಂದು ಕಂಟೇನರು, ಪರದೇಶದ ಬಂದರಿನಲ್ಲಿ ಹದಿನೇಳು ತಿಂಗಳು.
ಹೂವಾದರೆ ಸುಂಕವಿಲ್ಲ.
ಚಹವಾದರೆ ನೂರಕ್ಕೆ ಮೂವತ್ತೆರಡು.
ಹಣ್ಣಾದರೆ ಹುಳುವಿನ ತಪಾಸಣೆ, ಪ್ರಮಾಣಪತ್ರ,
ಆ ಪ್ರಮಾಣಪತ್ರಕ್ಕೊಂದು ಪ್ರಮಾಣಪತ್ರ.

‘ಘನ ಅಧ್ಯಕ್ಷರೇ, ಇದು ಹೂವಲ್ಲ,’ ಎಂದೆ ನಾನು,
‘ಎಸಳು ಉದುರಿದ ಮೇಲೆ ಊದಿಕೊಳ್ಳುವ ಬಟ್ಟಲು.
ಹೂವು ಹೋದ ಮೇಲೆ ಉಳಿದದ್ದನ್ನು ಹೂವೆನ್ನಲಾದೀತೆ?’
ನೀರು ಕುಡಿದೆ. ಗುಂಡಿ ಒತ್ತಿದೆ.
‘ಹೂವಿನದಲ್ಲದೆ ಮತ್ತೆ ಯಾರದು ಅದು?’ ಎಂದೆ ನಾನು,
‘ಯಜಮಾನ ಸತ್ತ ಮನೆಯನ್ನು ಮನೆಯಲ್ಲ ಎನ್ನುತ್ತೀರಾ?’
ಎರಡೂ ಸಲ ನನ್ನ ದನಿ ನಡುಗಿತು.
ಎರಡೂ ಸಲ ನಂಬಿಯೇ ಹೇಳಿದ್ದೆ.

ಒಂದು ಕಡೆ ಹತ್ತೊಂಬತ್ತು ವಕೀಲರು, ಚಕ್ರದ ಪೆಟ್ಟಿಗೆಗಳ ತುಂಬ ಕಡತ.
ಇನ್ನೊಂದು ಕಡೆ ಇಬ್ಬರು, ಅದರಲ್ಲೊಬ್ಬರಿಗೆ ನೆಗಡಿ.
ನೆಗಡಿಯನ್ನೂ ಅನುವಾದಿಸಬೇಕೇ ಎಂದು
ಜೊತೆಗಾತಿ ಅಗ್ಲಾಯಾ ಚೀಟಿಯಲ್ಲಿ ಗೀಚಿ ತೋರಿಸಿದಳು.
ನಗು ಬಂತು; ಮೈಕು ತೆರೆದಿತ್ತು.

ಮೂರನೆಯ ದಿನ, ಅನುಬಂಧ ನಲವತ್ತೊಂದು:
ಸೋಖ್ನಾ ಸೆಕ್, ಹೆಂಗಸರ ಸಂಘದ ಲೆಕ್ಕ ಬರೆಯುವಾಕೆ,
ಹೇಳಿಕೆ ಒಂದೂವರೆ ಪುಟ.
‘ನಾವು ನಸುಕಿನಲ್ಲೇ ಕುಯ್ಯುತ್ತೇವೆ, ಬಿಸಿಲೇರಿದರೆ ಸುಂಕು ಚುಚ್ಚುತ್ತದೆ.
ಚಾಕುವಿನ ತುದಿಯಿಂದ ಬೀಜ ತಳ್ಳುತ್ತೇವೆ.
ಬೆರಳು ಒಂದು ವಾರ ಕೆಂಪು.
ನೀವು ಯಾವ ಹೆಸರಿಟ್ಟರೂ ನಮಗೆ ತಕರಾರಿಲ್ಲ.
ಬೇಗ ಇಡಿ. ಬಂದರಿನಲ್ಲಿ ಅದು ಕಪ್ಪಾಗುತ್ತಿದೆ.’

ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದು.
ಗೊತ್ತಿದ್ದೂ ಹೇಳಿದಳೇ?
ವೊಲೋಫಿನಿಂದ ಫ್ರೆಂಚಿಗೆ, ಅಲ್ಲಿಂದ ನನ್ನ ಬಾಯಿಗೆ
ಬರುವಷ್ಟರಲ್ಲಿ ಎಷ್ಟು ಸೋರಿತೋ.
ಪೀಠದ ಮೂವರಲ್ಲಿ ಒಬ್ಬರು ಕನ್ನಡಕ ತೆಗೆದು ಒರೆಸಿದರು.
ಅದಕ್ಕೆ ಅರ್ಥ ಹಚ್ಚುವುದು ನನ್ನ ಕೆಲಸವಲ್ಲ.

ತೀರ್ಪು ಇನ್ನೂರ ಆರು ಪುಟ. ಹೂವು.
ಅಡಿಟಿಪ್ಪಣಿಯಲ್ಲಿ: ‘ಈ ಒಪ್ಪಂದದ ಮಟ್ಟಿಗೆ’.
ನೆಗಡಿಯವರು ಮೇಜಿನ ಕೆಳಗೆ ಮುಷ್ಟಿ ಬಿಗಿದು ಕುಣಿಸಿದ್ದು
ಬೂತಿನ ಓರೆಯಿಂದ ನನಗಷ್ಟೇ ಕಂಡಿತು.

ಮರು ತಿಂಗಳು ಮೇಲ್ಮನವಿ.
ಮೇಲಿನ ಪೀಠಕ್ಕೆ ಏಳು ಕುರ್ಚಿ.
ಏಳರಲ್ಲೂ ಯಾರಿಲ್ಲ; ನೇಮಕ ನಿಂತು ವರ್ಷಗಳಾದವು.
ಯಾರೂ ಇಲ್ಲದ ಮನೆಯ ಅಂಚೆ ಡಬ್ಬಿಗೆ
ಕಾಗದ ಹಾಕಿ, ‘ಉತ್ತರ ಬರಲಿ, ನೋಡೋಣ’ ಎಂದಂತೆ.
ಸೋತವರು ಸೋಲದೆ ಉಳಿಯುವ ದಾರಿಯೊಂದು
ನಿಯಮಗಳ ಒಳಗೇ ಇದೆ, ಕೈಪಿಡಿಯಲ್ಲಿ ಪುಟಸಂಖ್ಯೆ ಸಮೇತ.
ವಿಚಾರಣೆ ಇಲ್ಲವಾದ್ದರಿಂದ ದುಭಾಷಿಯೂ ಬೇಡವೆಂದು
ನನಗೊಂದು ಸೌಜನ್ಯದ ಇಮೇಲು.

ಆ ಸಂಜೆ ರೈಲು ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ
ಎರಿಟ್ರಿಯಾದ ತೆಸ್ಫಾಲೆಮ್‌ನ ಅಂಗಡಿ.
ಮೂಲೆಯ ಗೋಣಿಯಲ್ಲಿ ಅದೇ ಕೆಂಪು.
‘ಇದೇನು,’ ಕೇಳಿದೆ, ‘ಹೂವೋ, ಚಹವೋ?’
‘ನಿನಗೆ ಬೇಕೋ, ಬೇಡವೋ?’
‘ನನಗೆ ಬೇಕು,’ ಎಂದೆ.
ಆ ‘ನನಗೆ’ ಯಾರ ಪರವಾಗಿ ಎಂದು
ಒಂದು ಗಳಿಗೆ ತಿಳಿಯಲಿಲ್ಲ.
ಬೊಗಸೆ ತುಂಬಿ ತೂಗಿದ. ಯಂತ್ರದಲ್ಲಿ ಗುಂಡಿ ಹುಡುಕಿದ, ಸಿಗಲಿಲ್ಲ,
ಬೇರೊಂದು ಒತ್ತಿ ರಸೀದಿ ಹರಿದುಕೊಟ್ಟ:

ಇತರೆ. ನಾಲ್ಕು ಫ್ರಾಂಕ್ ಇಪ್ಪತ್ತು.